ಚೀಟಿ ಕೇಳದೆ ಕೊಟ್ಟ ಮೂರು ಮಾತ್ರೆ

ಕಳೆದ ಮಳೆಗಾಲದಲ್ಲಿ ಜ್ವರ ಬಂತು. ರಾತ್ರಿ ಒಂಬತ್ತೂವರೆಗೆ ಮೆಡಿಕಲ್‌ಗೆ ಹೋಗಿ "ಜ್ವರ, ಮೈಕೈ ನೋವು" ಅಂದೆ. ಚೀಟಿ ಕೇಳಲೇ ಇಲ್ಲ, ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಮೂರು ಮಾತ್ರೆ ಕವರಿಗೆ ಹಾಕಿ ಕೊಟ್ಟರು. ನಾನೂ ಖುಷಿಯಿಂದಲೇ ತಂದೆ, ಸುಳ್ಳು ಯಾಕೆ ಹೇಳಲಿ? ಡಾಕ್ಟರ ಹತ್ತಿರ ಹೋದರೆ ಟೋಕನ್, ಫೀಸು, ಅರ್ಧ ದಿನ ರಜೆ.

ಒಂದು ನುಂಗಿದೆ. ಮರುದಿನ ಜ್ವರ ಇಲ್ಲ! ಇನ್ನೊಂದು ನುಂಗಿ ಮೂರನೆಯದನ್ನು ಡಬ್ಬಿಗೆ ಹಾಕಿದೆ. ಅದರ ಮರುದಿನ ಮಂಡೆ ಒಡೆಯುವ ಹಾಗೆ ಚಳಿಜ್ವರ. ರಕ್ತ ನೋಡಿಸಿದರೆ ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ. ಅದರ ಜ್ವರ ಬರುವುದೇ ದಿನ ಬಿಟ್ಟು ದಿನ, ನಾನು ಮಾತ್ರೆಯಿಂದ ಇಳಿಯಿತು ಅಂದುಕೊಂಡಿದ್ದೆ.

ಕಾನೂನು ಇಲ್ಲ ಅಂತಲ್ಲ. ಆಂಟಿಬಯಾಟಿಕ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಅಂತ ಇನ್ನೂ ಬಿಗಿ ನಿಯಮದ ಮದ್ದುಗಳ ಪಟ್ಟಿ ಬೇರೆ ಬಂದಿದೆ. ಅದರಲ್ಲಿರುವ ಮದ್ದು ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟರು, ಎಲ್ಲ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆಯೂ ಇರುತ್ತದೆ. ನೋಡುವವರು ಯಾರು? ತಲಪಾಡಿ ದಾಟಿದರೆ ಕೇರಳ, ಅಲ್ಲಿ 2018ರಲ್ಲೇ ಆಂಟಿಬಯಾಟಿಕ್ ವಿಷಯಕ್ಕೆ ರಾಜ್ಯದ್ದೇ ಯೋಜನೆ ಮಾಡಿದರು, 2024ರಲ್ಲಿ ಆಪರೇಷನ್ ಅಮೃತ್ ಅಂತ ಅಂಗಡಿಗಳಿಗೆ ಹೇಳದೆ ಕೇಳದೆ ಹೋಗಿ ತಪಾಸಣೆ ಶುರು ಮಾಡಿದರು.

ಆದರೆ ಸುಮ್ನೆ "ಆಂಟಿಬಯಾಟಿಕ್ ಬೇಡ" ಅಂತ ಬೋರ್ಡ್ ಹಾಕಿದರೆ ನಮ್ಮ ಕರಾವಳಿಗೆ ಆಗುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಮಲೇರಿಯಾ, ಡೆಂಗ್ಯೂ, ಇಲಿಜ್ವರ ಮೂರೂ ಒಟ್ಟಿಗೇ ಇರುತ್ತವೆ, ಶುರುವಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಡೆಂಗ್ಯೂ ವೈರಸ್, ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಮಲೇರಿಯಾದ ಮದ್ದೇ ಬೇರೆ. ಗದ್ದೆ ನೀರಲ್ಲಿ ನಿಂತವರಿಗೆ ಬರುವ ಇಲಿಜ್ವರಕ್ಕೆ ಮಾತ್ರ ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಬೇಕೇ ಬೇಕು, ಅದೂ ಬೇಗ. ಮೊದಲೇ ಏನೋ ಎರಡು ಮಾತ್ರೆ ನುಂಗಿ ಹೋದರೆ ಬ್ಲಡ್ ಕಲ್ಚರಿನಲ್ಲಿ, ಅಂದರೆ ರಕ್ತದ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಯಾವ ರೋಗಾಣು ಅಂತಲೂ ಸರಿಯಾಗಿ ಸಿಗದೆ ಹೋಗಬಹುದು.

ಹಾಗಾಗಿ ನನ್ನನ್ನು ಕೇಳಿದರೆ ನಿಯಮ ಶುರುವಾಗಬೇಕಾದ್ದು ರಕ್ತ ಪರೀಕ್ಷೆಯಿಂದ. ಸರ್ಕಾರಿ ಕೇಂದ್ರದಲ್ಲಿ ಮಲೇರಿಯಾ ಟೆಸ್ಟ್ ಫ್ರೀ, ಸರಿ, ಆದರೆ ನಾನು ಕೆಲಸ ಬಿಟ್ಟು ಬರುವ ಹೊತ್ತಿಗೆ ತೆರೆದಿರುವುದು ಮೆಡಿಕಲ್ ಮಾತ್ರ ಅಲ್ವಾ? ರಾತ್ರಿ ಹತ್ತರವರೆಗೆ ಒಂದು ಕೇಂದ್ರ ತೆರೆದಿಡಲಿ. ಆಮೇಲೆ ಅಂಗಡಿಯವರನ್ನು ಹಿಡಿಯಲಿ.

ಮೊನ್ನೆ ಪಕ್ಕದ ಮನೆಯವರು ಬಂದು, ಮಗುವಿಗೆ ಶೀತ, ಅವತ್ತಿನ ಮಾತ್ರೆ ಉಳಿದದ್ದು ಉಂಟಾ ಅಂತ ಕೇಳಿದರು. ಉಂಟು, ಕೊಡುವುದಿಲ್ಲ ಅಂದೆ. ಈಗ ಮಾತು ಜಾಸ್ತಿ ಇಲ್ಲ.