ಅಡ್ಡಿ ಏನು? ಪ್ರೇಮ ಕಾದಂಬರಿಗಳ ಓದಿನ ದಾಖಲೆ, ಮಳೆಗಾಲ

(ಕಥೆಯ ತಿರುವುಗಳು ಇಲ್ಲಿ ಬಯಲಾಗಿವೆ. ಓದುವ ಮನಸ್ಸಿದ್ದವರು ಪುಸ್ತಕ ಮುಗಿಸಿಯೇ ಬನ್ನಿ.)

ಧಾರವಾಡ, ಜೂನ್

ನಮ್ಮ ಓದುಗರ ಬಳಗ ಈ ಸಲ ಎರಡು ಬಗೆಯ ಪುಸ್ತಕ ಒಟ್ಟಿಗೆ ಹಿಡಿದಿದೆ. ಒಂದು, ಈಗ ಎಲ್ಲರೂ ರೊಮ್ಯಾಂಟಸಿ ಎನ್ನುವ ಮಾಯಾಲೋಕದ ಪ್ರೇಮಕಥೆ. ಇನ್ನೊಂದು, ಇಂದಿನ ಆಫೀಸು, ಕಾಲೇಜು, ಬಾಡಿಗೆ ಮನೆಗಳಲ್ಲಿ ನಡೆಯುವ ಪ್ರೇಮ. ಪುಸ್ತಕಕ್ಕೊಂದು ಕಾರ್ಡು, ಕಾರ್ಡಿಗೆ ನಾಲ್ಕು ಸಾಲು: ಇಬ್ಬರೂ ಮೊದಲು ಎದುರಾಗುವ ಪುಟ, ಮೊದಲ ಮುತ್ತು, ಬೇರೆಯಾಗುವ ಪುಟ, ಮತ್ತು ಅವರನ್ನು ದೂರ ಇಟ್ಟ ಅಡ್ಡಿ ಏನೆಂದು ಒಂದೇ ವಾಕ್ಯ. ಕೊನೆಯ ಸಾಲಿಗಾಗಿಯೇ ಈ ಖಟಾಟೋಪ.

ಪುಟವನ್ನು ಶೇಕಡಾಕ್ಕೆ ತರುವಾಗ ಲೆಕ್ಕ ತಪ್ಪುವುದು ಇಲ್ಲಿ: ಕಿಂಡಲ್ ತೋರಿಸುವ ಶೇಕಡಾದಲ್ಲಿ ಕೃತಜ್ಞತೆ, ಚರ್ಚೆಯ ಪ್ರಶ್ನೆಗಳು, ಮುಂದಿನ ಪುಸ್ತಕದ ಮೊದಲ ಅಧ್ಯಾಯ ಎಲ್ಲವೂ ಸೇರಿರುತ್ತವೆ. ಕಥೆ ಶೇ. 92ಕ್ಕೇ ಮುಗಿದಿದ್ದರೆ, 74ರಲ್ಲಿ ಬಂದ ಜಗಳ ನಿಜಕ್ಕೂ ಕಥೆಯ ಶೇ. 80ರಲ್ಲಿದೆ. ಮೊದಲು ಪರಿವಿಡಿಯಿಂದ ಕಡೇ ಅಧ್ಯಾಯದ ಕೊನೆ ಹುಡುಕಿ, ಅದರಿಂದ ಭಾಗಿಸಿ. ಹೀಗೆ ಮಾಡದಿದ್ದರೆ ಎರಡು ಪುಸ್ತಕಗಳ ಕಾರ್ಡು ಹೋಲಿಸುವುದೇ ವ್ಯರ್ಥ.

ಜುಲೈ

ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ ಸರಣಿಯನ್ನು ಪ್ರಕಟವಾದ ಕ್ರಮದಲ್ಲೇ ಓದಬೇಕು. 2015, 2016, 2017ರ ಮೂರು ಪುಸ್ತಕ ನಾಯಕಿ ಫೇರಾಳ ಕಥೆ. 2018ರದು ತೆಳ್ಳಗಿದೆಯೆಂದು ಬಹಳ ಮಂದಿ ಹಾರಿಸುತ್ತಾರೆ. ಹಾರಿಸಿದರೆ 2021ರ ಪುಸ್ತಕದಲ್ಲಿ ಅಕ್ಕ ನೆಸ್ಟಾ ಅಷ್ಟು ಕುಡಿದು ಮನೆಮಂದಿಯಿಂದ ದೂರ ಕೂತದ್ದು ಏಕೆಂದು ತಿಳಿಯದು. ಅಷ್ಟು ಹೊತ್ತಿಗೆ ನಿರೂಪಣೆಯೂ ಬದಲಾಗಿರುತ್ತದೆ, ‘ನಾನು’ ಹೋಗಿ ‘ಅವಳು’ ಬಂದಿರುತ್ತದೆ.

ಮೊದಲ ಪುಸ್ತಕದ ಅಡ್ಡಿ ಸೊಗಸಾಗಿದೆ. ಮಾಯಾಲೋಕದ ದೊರೆ ಟ್ಯಾಮ್ಲಿನ್ ಮೇಲೆ ಶಾಪವಿದೆ, ಅದರಿಂದ ಬಿಡಿಸುವುದು ಫೇರಾಳ ಪ್ರೀತಿಯ ಮಾತು. ಆದರೆ ಶಾಪದ ವಿಷಯ ಅವಳಿಗೆ ಹೇಳುವಂತೆಯೇ ಇಲ್ಲ. ನಮ್ಮ ಕಡೆಯ ಓದುಗರು ಇಂಥ ಪುಸ್ತಕಕ್ಕೆ ಎತ್ತುವ ಮೊದಲ ತಕರಾರು ಗೊತ್ತೇ ಇದೆ: ‘ಇಬ್ಬರೂ ಕೂತು ಮಾತಾಡಿದ್ರ ಮುಗೀತಿತ್ತಲ್ಲ?’ ಇಲ್ಲಿ ಆ ತಕರಾರು ನಿಲ್ಲುವುದಿಲ್ಲ. ಕಾರ್ನಾಡರ ‘ನಾಗಮಂಡಲ’ ಬಲ್ಲವರಿಗೆ ಇದು ಹೊಸದೂ ಅಲ್ಲ. ರಾತ್ರಿ ಗಂಡನ ರೂಪದಲ್ಲಿ ಬರುವ ನಾಗನು ನಾಯಕಿ ರಾಣಿಗೆ ಹಾಕುವ ಕಟ್ಟಳೆಯೂ ಪ್ರಶ್ನೆ ಕೇಳಬಾರದೆಂಬುದೇ. ಅಲ್ಲಿ ಕೇಳುವಂತಿಲ್ಲ, ಇಲ್ಲಿ ಹೇಳುವಂತಿಲ್ಲ. ಬಾಯಿಗೆ ಬೀಗ ಬಿದ್ದಾಗ ನೋಟ, ಊಟ, ಗಾಯಕ್ಕೆ ಹಚ್ಚುವ ಔಷಧ ಇವೆಲ್ಲ ಮಾತಿನ ಕೆಲಸ ಮಾಡತೊಡಗುತ್ತವೆ. ನಿಧಾನವಾಗಿ ಕುದಿಯುವ ಪ್ರೇಮಕ್ಕೆ ಬೇಕಾದ ಉರುವಲು ಅದೇ.

ಡ್ರ್ಯಾಗನ್ ಸವಾರರ ಯುದ್ಧಶಾಲೆಯಲ್ಲಿ ನಡೆಯುವ, ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ (2023) ಇದೇ ಪರೀಕ್ಷೆಯಲ್ಲಿ ಪಾಸು. ನಾಯಕ ಝೇಡನ್‌ಗೆ, ನಾಯಕಿ ವಯಲೆಟ್ ಬಳಿ ಗುಟ್ಟು ಹೇಳದಿರಲು ಗಟ್ಟಿ ಕಾರಣವಿದೆ: ಅವಳ ಬಾಲ್ಯದ ಗೆಳೆಯ ಡೇನ್ ಮುಟ್ಟಿದರೆ ನೆನಪು ಓದಬಲ್ಲ. ಅದೇ ವರ್ಷ ಬಂದ ಎರಡನೇ ಭಾಗದಲ್ಲಿ ಮಾತ್ರ ಅಡ್ಡಿ ಸವೆದಿದೆ. ‘ಕೇಳಿದರೆ ಹೇಳುತ್ತೇನೆ’ ಎಂದು ಅವನು, ‘ಕೇಳದೆಯೇ ಹೇಳು’ ಎಂದು ಅವಳು, ಇದೇ ಜಗಳ ಸುತ್ತಿ ಸುತ್ತಿ ಬರುತ್ತದೆ. ಡ್ರ್ಯಾಗನ್‌ಗಳು ಇಲ್ಲದಿದ್ದರೆ ಅರ್ಧಕ್ಕೇ ಮುಚ್ಚಿಡುವವರು ಹೆಚ್ಚಿರುತ್ತಿದ್ದರು.

ಒಂದು ಚಿಕ್ಕ ಸೂಚನೆ: ದಪ್ಪ ಪೇಪರ್‌ಬ್ಯಾಕುಗಳು ಇಲ್ಲಿನ ಜಿಟಿಜಿಟಿ ಮಳೆಗೆ ತೇವ ಹೀರಿ ಅಲೆಯಾಗುತ್ತವೆ. ಅಂಚಿಗೆ ಬಣ್ಣ ಹೊಡೆದ ಪ್ರತಿಯಾದರೆ ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ. ಎಳೆಯದೆ, ಕೆಲವೇ ಹಾಳೆ ಹಿಡಿದು ಮೆಲ್ಲಗೆ ಬಾಗಿಸಿ ಬಿಡಿಸಿ.

ಆಗಸ್ಟ್

ಇಂದಿನ ಕಥೆಗಳಲ್ಲಿ ಶಾಪವಿಲ್ಲ, ಆದ್ದರಿಂದ ಲೇಖಕರಿಗೆ ಕಷ್ಟ ಹೆಚ್ಚು. ಆಲಿ ಹೇಜಲ್‌ವುಡ್ ಅವರ ‘ದಿ ಲವ್ ಹೈಪೋಥೆಸಿಸ್’ (2021) ಸುಳ್ಳು ಜೋಡಿಯ ಕಥೆ: ಆಲಿವ್, ಆ್ಯಡಮ್ ಪ್ರೇಮಿಗಳಂತೆ ನಟಿಸುತ್ತಾರೆ. ತನಗೆ ಬೇರೆ ಯಾರೋ ಇಷ್ಟ ಎಂದು ಆಲಿವ್ ಸುಳ್ಳು ಹೇಳುತ್ತಾಳೆ. ಆ್ಯಡಮ್‌ಗೂ ಬೇರೆ ಯಾರೋ ಇದ್ದಾಳೆ ಎಂದುಕೊಳ್ಳುತ್ತಾಳೆ. ಇದು ನೂರಕ್ಕೆ ನೂರು ‘ಕೂತು ಮಾತಾಡಿದ್ರ’ ಅಡ್ಡಿ. ಪುಸ್ತಕ ಚೇತರಿಸಿಕೊಳ್ಳುವುದು ಆ್ಯಡಮ್‌ನ ಗೆಳೆಯನೇ ಅವಳಿಗೆ ಕಿರುಕುಳ ಕೊಟ್ಟಾಗ. ಅದನ್ನು ಹೇಳಿದರೆ ಆ್ಯಡಮ್ ನಂಬುವನೇ ಎಂಬ ಭಯ ನಿಜವಾದದ್ದು.

ಎಮಿಲಿ ಹೆನ್ರಿ ಅವರ ‘ಬುಕ್ ಲವರ್ಸ್’ (2022) ಇದಕ್ಕೆ ತದ್ವಿರುದ್ಧ. ನೋರಾ, ಚಾರ್ಲಿ ಇಬ್ಬರೂ ಮಾತಿನಮಲ್ಲರು, ಮುಚ್ಚಿಡುವುದೂ ಕಡಿಮೆ. ಆದರೆ ಅವಳ ಕೆಲಸ ನ್ಯೂಯಾರ್ಕಿನಲ್ಲಿ. ಅವನೋ ಅಪ್ಪನಿಗೆ ಆರೋಗ್ಯ ಕೆಟ್ಟದ್ದರಿಂದ ಮನೆಯ ಪುಸ್ತಕದಂಗಡಿ ನೋಡಿಕೊಳ್ಳಲು ಊರಿಗೆ ಮರಳಿದವನು. ಎಷ್ಟು ಮಾತಾಡಿದರೂ ಇದು ಕರಗುವುದಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಹುಬ್ಬಳ್ಳಿಯ ಅಂಗಡಿಯ ಗಲ್ಲಾಕ್ಕೆ ಬಂದು ಕೂತ ಮಗನನ್ನು ನೋಡಿದವರಿಗೆ ಈ ಕಾರ್ಡು ತುಂಬಲು ಎರಡು ನಿಮಿಷ ಸಾಕು.

ಮುಂದಿನ ಕಾರ್ಡು ವಸುಧೇಂದ್ರ ಅವರ ‘ತೇಜೋ-ತುಂಗಭದ್ರಾ’ (2019). ಲಿಸ್ಬನ್ನಿನ ಗೇಬ್ರಿಯಲ್ ಮತ್ತು ಯೆಹೂದಿ ಹುಡುಗಿ ಬೆಲ್ಲಾ ನಡುವೆ ಧರ್ಮವೂ ಇದೆ, ಹಣವೂ ಇದೆ, ಕಡಲೂ ಇದೆ. ಅಡ್ಡಿಯ ಸಾಲನ್ನು ಎಲ್ಲರೂ ಬೇರೆ ಬೇರೆ ಬರೆದು ತರಬೇಕು, ಒಂದೇ ವಾಕ್ಯ.