ಎಲಿಸ್ ಬ್ರಿಡ್ಜ್ ಮಾದರಿ, ನಾಲ್ಕನೇ ವಾರ: ಹೆದೆ ಬಿಗಿಯಾಯಿತು

ಮೊದಲ ಕಮಾನು ಕೊನೆಗೂ ನಿಂತಿತು! ಅದರ ಮೇಲೆ ಎರಡು ಕೆಜಿ ತೂಕದ ಕಲ್ಲು ನೇತುಹಾಕಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಸ್ಕೇಲ್ ಹಿಡಿದು ನೋಡಿದೆ, ಸ್ವಲ್ಪವೂ ಜಗ್ಗಿಲ್ಲ.

ಎಲಿಸ್ ಬ್ರಿಡ್ಜ್ ಅಂದರೆ ಅಹಮದಾಬಾದಿನ ಸಾಬರಮತಿ ನದಿಯ ಮೇಲಿನ ಹಳೆಯ ಉಕ್ಕಿನ ಸೇತುವೆ. ಇದರ ಕಮಾನು ಬಿಲ್ಲಿನಂತೆ, ಕಮಾನಿನ ಎರಡೂ ತುದಿಯನ್ನು ಕಟ್ಟಿ ಹಿಡಿಯುವ ಕೆಳಗಿನ ಪಟ್ಟಿ ಅದರ ಹೆದೆ. ಮೊದಲಿದ್ದ ಮರದ ಸೇತುವೆ 1875ರ ನೆರೆಗೆ ಹೋದ ಮೇಲೆ 1892ರಲ್ಲಿ ಇದನ್ನು ಕಟ್ಟಿದರು. ಎಂಜಿನಿಯರ್ ಹಿಮ್ಮತ್‌ಲಾಲ್ ಧೀರಜ್‌ರಾಮ್ ಭಚೇಚ್ ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಸಿದ್ದರು. ಹಾಗಾಗಿ ಸರಕಾರಕ್ಕೆ ಅನುಮಾನ ಬಂದು ತನಿಖೆ ನಡೆಯಿತು. ಕೆಲಸ ಗಟ್ಟಿ ಅಂತಲೇ ತೀರ್ಮಾನವಾಯಿತು. ನನಗೆ ಈ ಸೇತುವೆ ಹಿಡಿಸಿದ್ದು ಅಲ್ಲಿಯೇ. 1990ರ ದಶಕದ ಕೊನೆಗೆ ಎರಡೂ ಬದಿಗೆ ಕಾಂಕ್ರೀಟ್ ಸೇತುವೆ ಬಂದು, ಹಳೆಯದರ ಮೇಲೆ ವಾಹನ ನಿಂತವು. ಕೆಡವದೆ ಉಳಿಸಿಕೊಂಡರು, ಈಗ ನಡೆಯುವವರಿಗಾಗಿ ದುರಸ್ತಿಗೆ ಕೈಹಾಕಿದ್ದಾರೆ.

ಒಟ್ಟು 14 ಅಂಕಣ (ಎರಡು ಕಂಬಗಳ ನಡುವಿನ ಭಾಗ), ಒಂದೊಂದೂ ಸುಮಾರು 31 ಮೀಟರ್. ನಾನು 50ಕ್ಕೆ 1ರ ಅಳತೆಯಲ್ಲಿ ಒಂದೇ ಅಂಕಣ ಮಾಡುತ್ತಿದ್ದೇನೆ, 62 ಸೆಂ.ಮೀ. ಹಿತ್ತಾಳೆ ಪಟ್ಟಿಯನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ, ಆರಿದ ಮೇಲೆ ಪ್ಲೈವುಡ್ ಫಾರ್ಮಾಕ್ಕೆ (ಅಚ್ಚಿಗೆ) ಬಗ್ಗಿಸಿದೆ. ಕಾಯಿಸದಿದ್ದರೆ ಬಗ್ಗಿಸಿದಷ್ಟೂ ವಾಪಸ್ ಬಿಚ್ಚಿಕೊಳ್ಳುತ್ತದೆ.

ಆದರೂ ಭಾರ ಹಾಕಿದ ಕೂಡಲೇ ಕಮಾನಿನ ಎರಡೂ ತುದಿ ಹೊರಗೆ ಜಾರುತ್ತಿದ್ದವು. ಎರಡು ವಾರ ಸುಮ್ನೆ ಕಮಾನನ್ನೇ ದಪ್ಪ ಮಾಡುತ್ತಾ ಹೋದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುವ ಕಾಕಾ ಬಂದವರು ಒಮ್ಮೆ ಒತ್ತಿ ನೋಡಿ, "ತಮ್ಮಾ, ಬಿಲ್ಲ ದಪ್ಪ ಮಾಡಿ ಏನ್ ಮಾಡ್ತಿ? ಹೆದಿ ಸಡ್ಲ ಐತಿ ನೋಡು" ಅಂದರು.

ನಿಜ. ಹೆದೆಯನ್ನು, ಅಂದರೆ ಕೆಳಗಿನ ಪಟ್ಟಿಯನ್ನು, ಎರಡು ತುಂಡು ಕೂಡಿಸಿ ಬೆಸುಗೆ ಹಾಕಿದ್ದೆ. ಎಳೆತಕ್ಕೆ ಆ ಬೆಸುಗೆಯೇ ಬಾಯಿ ಬಿಡುತ್ತಿತ್ತು. ಕಮಾನು ಹೊರಗೆ ತಳ್ಳುವುದನ್ನು ಈ ಪಟ್ಟಿ ಒಳಗೆ ಎಳೆದು ಹಿಡಿಯುತ್ತದೆ. ಅದಕ್ಕೇ ಕಂಬಗಳ ಮೇಲೆ ಬೀಳುವುದು ನೇರ ಭಾರ ಮಾತ್ರ, ಪಕ್ಕದ ತಳ್ಳಾಟ ಇಲ್ಲ. ನಮ್ಮ ಗೋಕಾಕ ಫಾಲ್ಸಿನ ತೂಗು ಸೇತುವೆಯಲ್ಲಿ ಹಗ್ಗದ ಎಳೆತವನ್ನು ಘಟಪ್ರಭೆಯ ಎರಡೂ ದಡಗಳೇ ತಡೆಯಬೇಕು. ಇಲ್ಲಿ ಬಿಲ್ಲು ತನ್ನ ಎಳೆತವನ್ನು ತಾನೇ ಹೊರುತ್ತದೆ. ಎಷ್ಟು ಚಂದದ ಲೆಕ್ಕ ಅಲ್ವಾ?

ಈಗ ಹೆದೆಗೆ ಒಂದೇ ಅಖಂಡ ಪಟ್ಟಿ, ತುದಿಗೆ ಎರಡೆರಡು ರಿವೆಟ್. ಎರಡನೇ ಕಮಾನಿನ ಪಟ್ಟಿ ಫಾರ್ಮಾದ ಮೇಲೆ ಕೂತಿದೆ, ರವಿವಾರ ಬಿಚ್ಚುತ್ತೇನೆ.