ನಮ್ಮೂರ ಶಾಲೆಗೆ ನೀರು ಬಂದ ದಿನ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿರುವ ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಳೆದ ವಾರ ಎರಡು ಹೊಸ ಕೊಠಡಿಗಳು, ಹೆಣ್ಣುಮಕ್ಕಳಿಗೆ ಮತ್ತು ಗಂಡುಮಕ್ಕಳಿಗೆ ಪ್ರತ್ಯೇಕ ಶೌಚಾಲಯಗಳು, ಕೈ ತೊಳೆಯಲು ಸಾಲು ನಲ್ಲಿಗಳು ಹಾಗೂ ಒಂದು ಶುದ್ಧ ಕುಡಿಯುವ ನೀರಿನ ಘಟಕ ಉದ್ಘಾಟನೆಯಾದವು. ನಾನು ಅಕ್ಷರ ಕಲಿತದ್ದು ಆ ಶಾಲೆಯಲ್ಲಿ. ಈಗ ನನ್ನ ಅಣ್ಣನ ಮಗಳು ಅಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ. ಅವಳು ಫೋನಿನಲ್ಲಿ ಮೂರು ಸಲ ನೆನಪಿಸಿದ್ದರಿಂದ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಹೋಗಿದ್ದೆ.

ಸಮಾರಂಭ ಎಲ್ಲ ಊರುಗಳಲ್ಲಿ ನಡೆಯುವಂತೆಯೇ ನಡೆಯಿತು. ಮಾವಿನ ತೋರಣ, ಮಕ್ಕಳ ಲೇಜಿಮು, ಶಾಲು ಹೊದಿಸಿ ಸನ್ಮಾನ, ಒಂದರ ಹಿಂದೆ ಒಂದು ಭಾಷಣ. ಮಾತನಾಡಿದವರೆಲ್ಲರೂ ಹೊಸ ಕೊಠಡಿಗಳನ್ನೂ ಅದರಲ್ಲಿನ ಸ್ಮಾರ್ಟ್ ಕ್ಲಾಸ್ ಪರದೆಯನ್ನೂ ಹೊಗಳಿದರು. ಕೊಠಡಿಗಳು ನಿಜಕ್ಕೂ ಬೇಕಾಗಿದ್ದವು. ಹಳೆಯ ಮಾಳಿಗೆ ಸೋರುತ್ತಿದ್ದುದರಿಂದ ಮಳೆಗಾಲದಲ್ಲಿ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕಾಗುತ್ತಿತ್ತು. ಆದರೆ ಆ ದಿನ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಪರದೆಯಲ್ಲ, ನಲ್ಲಿ.

ನಮ್ಮ ಜಿಲ್ಲೆಯಲ್ಲಿ ತುಂಗಭದ್ರೆ ಹರಿಯುತ್ತಾಳೆ ಎಂಬುದು ನಿಜವಾದರೂ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳು ತಲೆಮಾರುಗಳಿಂದ ನಂಬಿಕೊಂಡು ಬಂದಿರುವುದು ಕೊಳವೆ ಬಾವಿಗಳನ್ನು. ಈ ಭಾಗದ ಗಟ್ಟಿ ಶಿಲೆಯ ಬಿರುಕುಗಳಲ್ಲಿ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು ಎಂಬ ಮಿತಿಯನ್ನು ಇಲ್ಲಿನ ಅನೇಕ ಊರುಗಳ ನೀರು ಮೀರುತ್ತದೆ. ಕಾಯಿಸಿ ಕುಡಿದರೆ ಸಾಕೆಂದು ನಮ್ಮ ಮನೆಯಲ್ಲಿ ಬಹಳ ಕಾಲ ನಂಬಿದ್ದರು; ಕಾಯಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ನೀರು ಬಿಡುವ ಗುರುತು ಆಮೇಲೆ ಅಳಿಸುವುದಿಲ್ಲ. ನನ್ನ ಮುಂದಿನ ಹಲ್ಲುಗಳ ಮೇಲೆ ಆ ಕಂದು ಗೆರೆಗಳಿವೆ, ನನ್ನ ಜೊತೆ ಓದಿದ ಬಹುತೇಕರ ಹಲ್ಲಿನ ಮೇಲೂ ಇವೆ. ಒಂದನೆಯ ತರಗತಿಗೆ ಸೇರಿದ ಮಗುವೊಂದು ಉದ್ಘಾಟನೆಯ ದಿನ ಹೊಸ ನಲ್ಲಿಗೆ ಬೊಗಸೆಯೊಡ್ಡಿ ನೀರು ಕುಡಿಯುವುದನ್ನು ಕಂಡಾಗ ನನಗೆ ಉಂಟಾದ ಸಮಾಧಾನವನ್ನು ಯಾವ ಭಾಷಣದಲ್ಲಿಯೂ ಕೇಳಲಿಲ್ಲ.

ಶೌಚಾಲಯದ ವಿಷಯವೂ ಕೊನೆಗೆ ನೀರಿನ ವಿಷಯವೇ ಆಗಿದೆ. ನಾವು ಓದುವಾಗ ಶಾಲೆಯಲ್ಲಿ ಶೌಚಾಲಯವೇ ಇರಲಿಲ್ಲ. ಹುಡುಗರು ಹಳ್ಳದ ಕಡೆ ಹೋಗುತ್ತಿದ್ದೆವು, ಹುಡುಗಿಯರು ಮನೆಗೆ ಓಡುತ್ತಿದ್ದರು, ಓಡಿದವರಲ್ಲಿ ಕೆಲವರು ಮಧ್ಯಾಹ್ನದ ಮೇಲೆ ಮರಳಿ ಬರುತ್ತಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಪ್ರತಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಮತ್ತು ಸುರಕ್ಷಿತ ಕುಡಿಯುವ ನೀರು ಇರಲೇಬೇಕೆಂದು ಅದರ ಅನುಸೂಚಿಯಲ್ಲಿ ಬರೆಯಲಾಯಿತು. ಅದರ ಕೆಲವು ವರ್ಷಗಳ ನಂತರ ನಮ್ಮ ಶಾಲೆಯಲ್ಲಿಯೂ ಒಂದು ಶೌಚಾಲಯ ಎದ್ದು ನಿಂತಿತು. ಗೋಡೆಗೆ ಬಣ್ಣವಿತ್ತು, ಬಾಗಿಲಿತ್ತು, ನೀರಿನ ಪೈಪು ಮಾತ್ರ ಇರಲಿಲ್ಲ. ಎರಡು ವರ್ಷಕ್ಕೆ ಅದಕ್ಕೆ ಬೀಗ ಬಿತ್ತು, ಆಮೇಲೆ ಮುರಿದ ಬೆಂಚುಗಳ ಉಗ್ರಾಣವಾಯಿತು. ಇದು ನಮ್ಮೂರೊಂದರ ಕಥೆಯಲ್ಲವೆಂದು ತಿಳಿದದ್ದು 2020ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಿಂದ. 15 ರಾಜ್ಯಗಳಲ್ಲಿ ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಸರ್ಕಾರಿ ಶಾಲೆಗಳಿಗೆ ಕಟ್ಟಿಸಿಕೊಟ್ಟ ಶೌಚಾಲಯಗಳಲ್ಲಿ ಕೆಲವನ್ನು ಆಯ್ದು ಸ್ಥಳಕ್ಕೇ ಹೋಗಿ ನೋಡಿದಾಗ, ಅವುಗಳಲ್ಲಿ ಶೇ 72ರಷ್ಟರ ಒಳಗೆ ನೀರಿನ ಸಂಪರ್ಕವೇ ಇರಲಿಲ್ಲ.

ಅಣ್ಣನ ಮಗಳು ನನ್ನ ಕೈ ಹಿಡಿದು ಹೊಸ ಶೌಚಾಲಯದ ಹೊರಗಿನ ನಲ್ಲಿಯನ್ನು ತಿರುಗಿಸಿ ತೋರಿಸಿದಳು. "ಕಾಕಾ, ಇನ್ಮ್ಯಾಲ ನಾನು ಸಾಲ್ಯಾಗ ಹೊಟ್ಟಿ ತುಂಬ ನೀರು ಕುಡೀತೀನ್ರಿ" ಎಂದಳು. ಅದರ ಅರ್ಥ ನನಗೆ ತಕ್ಷಣ ಹೊಳೆಯಲಿಲ್ಲ. ಒಂದಕ್ಕೆ ಹೋಗಲು ಜಾಗವಿಲ್ಲವೆಂದು ಅವಳೂ ಅವಳ ಗೆಳತಿಯರೂ ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ಕೂರುತ್ತಿದ್ದರೆಂದು ಅತ್ತಿಗೆ ಆಮೇಲೆ ಹೇಳಿದರು. ನಮ್ಮ ಕಡೆಯ ಬೇಸಿಗೆಯನ್ನು ಬಲ್ಲವರಿಗೆ ಆ ಮಾತಿನ ಭಾರ ತಿಳಿಯುತ್ತದೆ. ಇಷ್ಟು ವರ್ಷ ಊರಿಗೆ ಹೋಗಿ ಬರುತ್ತಿದ್ದ ನಾನು ಒಮ್ಮೆಯೂ ಇದನ್ನು ಕೇಳಿರಲಿಲ್ಲವೆಂಬ ನೋವು ನನಗಿದೆ.

ಬಿಸಿಯೂಟದ ಅಡುಗೆ ಕೋಣೆಗೂ ಈಗ ಪೈಪು ಬಂದಿದೆ. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಂದಿನಿಂದ ಮೊನ್ನೆಯವರೆಗೆ ಅನ್ನಕ್ಕೆ, ಸಾರಿಗೆ, ಪಾತ್ರೆ ತೊಳೆಯುವುದಕ್ಕೆ ಬೇಕಾದ ನೀರನ್ನೆಲ್ಲ ಅಡುಗೆಯವರು ಊರ ಬೋರಿಂಗಿನಿಂದ ಕೊಡದಲ್ಲಿ ಹೊತ್ತು ತಂದಿದ್ದಾರೆ. "ಎಪ್ಪಾ, ನಮ್ಮ ನಡ ಉಳೀತು ನೋಡು" ಎಂದು ಹಿರಿಯ ಅಡುಗೆಯವರೊಬ್ಬರು ಹೇಳಿದರು. ಈ ಹೆಂಗಸರನ್ನು ವೇದಿಕೆಗೆ ಕರೆಯಬೇಕಾಗಿತ್ತೆಂದು ನನಗೆ ಬಲವಾಗಿ ಅನ್ನಿಸಿತು. ನಮ್ಮ ಜಿಲ್ಲೆಯದೇ ಕುಣಿಕೇರಿಯಲ್ಲಿ ತನ್ನ ಎರಡು ಎಕರೆ ಹೊಲವನ್ನು ಶಾಲೆಗೆ ದಾನ ಕೊಟ್ಟು, ಅದೇ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತ ಬಂದ ಹುಚ್ಚಮ್ಮ ಚೌದ್ರಿಯವರಿಗೆ 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದದ್ದನ್ನು ಇಲ್ಲಿನ ಜನ ಇನ್ನೂ ಅಭಿಮಾನದಿಂದ ಹೇಳುತ್ತಾರೆ.

ಊಟವಾದ ಮೇಲೆ ಅತಿಥಿಗಳ ವಾಹನಗಳು ಹೊರಟುಹೋದವು. ಮುಖ್ಯಗುರುಗಳು ಮತ್ತು ಶಾಲಾಭಿವೃದ್ಧಿ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಡನೆ ನಾನೂ ಬೇವಿನ ಮರದ ಕೆಳಗೆ ಕುಳಿತೆ. ಆ ಒಂದು ಗಂಟೆಯ ಮಾತು ನನಗೆ ಇಡೀ ಸಮಾರಂಭಕ್ಕಿಂತ ಮುಖ್ಯವೆನ್ನಿಸಿತು. ನೀರಿನ ಘಟಕದ ಸೋಸುವ ಪೊರೆ ಶಾಶ್ವತವಲ್ಲ. ಕಾಲಕಾಲಕ್ಕೆ ಬದಲಿಸದಿದ್ದರೆ ಯಂತ್ರ ಓಡುತ್ತಲೇ ಇರುತ್ತದೆ, ಮಕ್ಕಳು ಕುಡಿಯುವುದು ಮಾತ್ರ ಹಳೆಯ ನೀರೇ ಆಗಿರುತ್ತದೆ. ಫ್ಲೋರೈಡ್‌ಗೆ ರುಚಿಯಿಲ್ಲ, ಬಣ್ಣವಿಲ್ಲ. ಆದ್ದರಿಂದ ಪರೀಕ್ಷೆ ಮಾಡಿಸದೆ ಯಾರಿಗೂ ಗೊತ್ತಾಗುವುದಿಲ್ಲ. ಸೋಸಿದಾಗ ಹೊರಬೀಳುವ ನೀರನ್ನು ವ್ಯರ್ಥ ಮಾಡದೆ ಶೌಚಾಲಯದ ಟ್ಯಾಂಕಿಗೆ ತಿರುಗಿಸಿರುವುದನ್ನು ಮುಖ್ಯಗುರುಗಳು ತೋರಿಸಿದರು. ಅದು ಬಹಳ ವಿವೇಕದ ಕೆಲಸ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಕೊಡುವುದಾಗಿ 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಘೋಷಿಸಿದ್ದರಿಂದ ಮೋಟರಿನ ಬಿಲ್ಲಿನ ಚಿಂತೆ ಅಷ್ಟಾಗಿ ಯಾರಿಗೂ ಇರಲಿಲ್ಲ. ಉಳಿದದ್ದು ಶೌಚಾಲಯವನ್ನು ಯಾರು ತೊಳೆಯಬೇಕೆಂಬ ಪ್ರಶ್ನೆ. ಮಕ್ಕಳ ಕೈಯಿಂದ, ಅದರಲ್ಲೂ ಯಾವುದೋ ಒಂದು ಕೇರಿಯ ಮಕ್ಕಳ ಕೈಯಿಂದ ಮಾಡಿಸುವುದು ಎಂದೆಂದಿಗೂ ಕೂಡದು ಎಂದು ನಾನು ಸ್ಪಷ್ಟವಾಗಿ ಹೇಳಿದೆ. ಸದಸ್ಯರಾಗಿರುವ ತಾಯಂದಿರಿಬ್ಬರು ನನಗಿಂತ ಗಟ್ಟಿಯಾಗಿ ಅದನ್ನೇ ಹೇಳಿದರು. ಸಂಬಳ ಕೊಟ್ಟು ಒಬ್ಬರನ್ನು ನೇಮಿಸಿಕೊಳ್ಳುವುದೆಂದೂ ಸರ್ಕಾರದ ಅನುದಾನ ಸಾಲದ ತಿಂಗಳಲ್ಲಿ ಹಳೆಯ ವಿದ್ಯಾರ್ಥಿಗಳಾದ ನಾವು ತುಂಬಿಕೊಡುವುದೆಂದೂ ತೀರ್ಮಾನವಾಯಿತು. ಪೊರೆಯ ಖರ್ಚನ್ನು ನಾನು ಒಪ್ಪಿಕೊಂಡೆ.

ಏಳುವ ಮುನ್ನ ಮುಖ್ಯಗುರುಗಳು ಹೊಸದೊಂದು ನೋಟುಪುಸ್ತಕ ತರಿಸಿ ಮೊದಲ ಪುಟದಲ್ಲಿ ಮೂರು ಅಂಕಣ ಎಳೆದರು: ನೀರು ಪರೀಕ್ಷಿಸಿದ ದಿನಾಂಕ, ಫ್ಲೋರೈಡ್ ಪ್ರಮಾಣ, ಸಹಿ. ಮೊದಲ ಸಾಲಿಗೆ ಅಂದಿನ ದಿನಾಂಕ ಬರೆದು, ಆ ನಲ್ಲಿಯದೇ ನೀರನ್ನು ತುಂಬಿದ ಒಂದು ಬಾಟಲಿಯನ್ನು ತಾಲ್ಲೂಕಿನ ಪ್ರಯೋಗಾಲಯಕ್ಕೆ ತಲುಪಿಸುವಂತೆ ನನ್ನ ಕೈಗೆ ಕೊಟ್ಟರು.